ನನ್ನ ರಾಕ್ಷಸನ್ನ ಯಾರೂ ಕೊಲ್ಲವಲ್ರು

ಒಬ್ಬಾಂವನ್ನ ಕೆಟ್ಟಾಂವ ಮಾಡೂದು ಎಷ್ಟು ತ್ರಾಸಿನ ಕೆಲಸ ಅನ್ನೂದು ಮಾಡಿ ನೋಡಿದವರಿಗೇ ಗೊತ್ತು. ನಾ ಮೂರು ವರ್ಷದಾಗ ನಾಕು ರಾಕ್ಷಸರನ್ನ ಹುಟ್ಟಿಸಿದೆ. ಒಬ್ಬೊಬ್ಬರಿಗೂ ಕ್ವಾರಿ ಹಲ್ಲು ಹಚ್ಚಿ, ಕೆಂಪು ಕಣ್ಣು ಇಟ್ಟು, ಶಾಪ ಹಾಕಿ ಕಳಿಸಿದೆ. ಅವರು ಹೋಗಿ ನಮ್ಮ ಮಂದೀ ಕೈಯಾಗ ಸಿಕ್ಕು, ಬೀಗರಂಗ ಉಪಚಾರ ಮಾಡಿಸ್ಕೊಂಡು ಕೂತ್ರು. ಹಿಂಥಾದ್ದು ಒಂದ ಸಲ ಆಗಿದ್ರ ನಾ ಸುಮ್ನಾಗ್ತಿದ್ದೆ. ಪ್ರತಿ ಸಲಾನೂ ಹಿಂಗ ಆಗೇತಿ.

ಆಗ ನಾ ನವಲಗುಂದದ ಒಂದು ಹೈಸ್ಕೂಲಿನಾಗ ಕನ್ನಡ ಕಲಸ್ತಿದ್ದೆ. ಪುಣೇದಾಗಿರೋ ನನ್ನ ತಂಗಿ ಸೂಟಿಗೆ ಬಂದಾಗ ಒಂದು ಆಟದ ಡಬ್ಬಿ ತಂದಿದ್ಲು. ಟೇಬಲ್ ಸುತ್ತ ಕೂತು ಆಡೋ ಆಟ. ಒಬ್ಬರು ಕಥಿ ಹೇಳಬೇಕು, ಉಳದವರು ಆ ಕಥ್ಯಾಗ ಒಂದೊಂದು ಪಾತ್ರ ಆಗಬೇಕು. ಪಾತ್ರದವರು ಏನರ ಮಾಡ್ತೀನಿ ಅಂದ್ರ ಇಪ್ಪತ್ತು ಮುಖದ ದಾಳ ಉರುಳಸಬೇಕು. ದೊಡ್ಡ ಸಂಖ್ಯೆ ಬಿದ್ರ ಕೆಲಸ ಆತು, ಸಣ್ಣದು ಬಿದ್ರ ಕೆಡ್ತು. ತಂಗಿ ಎರಡು ದಿನ ಕಲಿಸಿ ಹೊಂಟಹೋದ್ಲು, ಡಬ್ಬಿ ನನ್ನ ಕೊರಳಿಗೆ ಬಿತ್ತು.

ಆಡಾಕ ನಾಕು ಮಂದಿ ಸಿಕ್ರು. ಒಬ್ಬರು ರಿಟೈರ್ ಆದ ಹೆಡ್ ಮಾಸ್ತರ್ರು, ಕಥ್ಯಾಗ ಋಷಿ. ಇನ್ನೊಬ್ಬರು ದನದ ಡಾಕ್ಟರ್ರು, ಕಥ್ಯಾಗ ಬಿಲ್ಲುಗಾರ. ಮೂರನೇದಾಂವ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್, ಕಥ್ಯಾಗ ಕಳ್ಳ. ನಾಕನೇದಾಕಿ ಬಾಜೂ ಮನಿ ಅಕ್ಕ. ಆಕಿ ಕೈಮಗ್ಗದ ಮ್ಯಾಲ ಜಮಖಾನಿ ನೇಯಾಕಿ, ಕಥ್ಯಾಗ ರಾಣಿ. ಕಥಿ ಹೇಳೂದು ನಾನು. ದೇವರು, ರಾಕ್ಷಸರು, ವರ, ಶಾಪ ಎಲ್ಲಾ ಹಾಕಿ ಒಂದು ಲೋಕ ಕಟ್ಟಿದೆ. ಖರೇ ಪುರಾಣದ ಮಂದೀನ ತಂದ್ರ ಹೆಡ್ ಮಾಸ್ತರ್ರು ತಪ್ಪು ಹುಡುಕ್ತಾರ ಅಂತ ಹೆಸರು ಎಲ್ಲಾ ನಾನ ಇಟ್ಟೆ. ರವಿವಾರ ಮಧ್ಯಾಹ್ನ ಊಟ ಆದಮ್ಯಾಲ ನಮ್ಮ ಪಡಸಾಲ್ಯಾಗ ಕೂಡ್ತಿದ್ವಿ. ನಮ್ಮ ಮನಿಯವರು ಆಡ್ತಿರಲಿಲ್ಲ, ಚಹಾ ಮಾಡಿ ಕೊಡ್ತಿದ್ರು.

ಆ ನಮ್ಮ ಮನಿಯವರ ನೌಕರಿ ಕಲಘಟಗಿಯಾಗ. ದಿನಾ ಬೆಳಿಗ್ಗೆ ನವಲಗುಂದದಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಕಲಘಟಗಿ, ಸಂಜೀಕೆ ಮತ್ತ ವಾಪಸ್. ಅವರ ದಣದ ಮಾರಿ ನೋಡಿ ನೋಡಿ ನಾನ ಆ ಕಡೆ ವರ್ಗಾಕ್ಕ ಅರ್ಜಿ ಹಾಕಿದ್ದೆ. ಆರ್ಡರ್ ಯಾವಾಗರ ಬರಬಹುದಿತ್ತು. ಬರೂದರಾಗ ಈ ಕಥಿ ಮುಗಸಬೇಕು, ಇದೊಂದ ನನ್ನ ಚಿಂತಿ. ಕಥಿ ಮುಗೀಬೇಕಂದ್ರ ರಾಕ್ಷಸ ಸಾಯಬೇಕು. ಅರ್ಧಕ್ಕ ಬಿಟ್ಟು ಊರು ಬಿಡೂದು ಅಂದ್ರ ನನಗ, ಅರ್ಧ ನೇಯ್ದ ಜಮಖಾನಿ ಮಗ್ಗದ ಮ್ಯಾಲ ಬಿಟ್ಟು ಎದ್ದು ಹೋದಂಗ.

ಹೊಟ್ಟಿಬಾಕ

ಮೊದಲನೇ ರಾಕ್ಷಸಗ ನಾ ಯಾವ ದುಃಖಾನೂ ಕೊಟ್ಟಿರಲಿಲ್ಲ. ಅಂವ ಬರೇ ಕೆಟ್ಟಾಂವ. ಊರೂರಿಗೆ ಬಂದು ನೆಲದಾಗ ಜೋಳ ತುಂಬಿಟ್ಟ ಹಗೇವು ತಗದು ಖಾಲಿ ಮಾಡ್ತಾನ. ಎಷ್ಟು ತಿಂದ್ರೂ ಹೊಟ್ಟಿ ತುಂಬೂದಿಲ್ಲ. ಹೆದರಿಕಿ ಬರಲಿ ಅಂತ ಒಂದು ಮಾತು ಸೇರಿಸಿದೆ, ಅವನ ಪಕ್ಕಿ ಎಲುಬು ದೂರದಿಂದ ಎಣಸಬಹುದು ಅಂತ.

ಅಷ್ಟು ಕೇಳಿದ್ದ ತಡ, ದನದ ಡಾಕ್ಟರ್ರು ಬಿಲ್ಲು ಕೆಳಗ ಇಟ್ರು. ಇಷ್ಟು ತಿಂದ್ರೂ ಮೈಗೆ ಹತ್ತವಲ್ದಾ ಅಂತ ಕೇಳಿದ್ರು. ಹತ್ತವಲ್ದು ಅಂದೆ. ಕಣ್ಣಿನ ಒಳಗ ಬೆಳ್ಳಗ ಆಗ್ಯಾವೇನು ಅಂದ್ರು. ನಾ ಕೆಂಪು ಅಂತ ಬರದಿದ್ದೆ. ಆಮ್ಯಾಲ ಅಗದಿ ಗಂಭೀರವಾಗಿ ಕೇಳಿದ್ರು:

"ಸಗಣಿ ಹೆಂಗ ಹಾಕ್ತಾನ್ರಿ?"

ಹದಿನೈದು ದಿನ ಕೂತು ಹುಟ್ಟಿಸಿದ ರಾಕ್ಷಸ. ಅವನ ಸಗಣಿ ನಾ ಯಾಕ ವಿಚಾರ ಮಾಡಿರ್ತೀನಿ? ನನಗ ಭಾಳ ಸಿಟ್ಟು ಬಂತು. ಅದು ಪುರಾಣದಾಗ ಬರೂದಿಲ್ಲ ಅಂದೆ. ಅದಕ್ಕ ಪುರಾಣದಾಗ ಯಾರಿಗೂ ಗುಣಾ ಆಗೂದಿಲ್ಲ ಅಂದ್ರು. ಹೊಟ್ಟಿಯಾಗ ಜಂತು ಅದಾವ ಅಂತ ತೀರ್ಮಾನ ಮಾಡಿ, ಔಷಧ ಕುಡಸ್ತೀನಿ ಅಂತ ದಾಳ ಒಗದ್ರು. ಹದಿನೆಂಟು ಬಿತ್ತು. ರಾಕ್ಷಸ ಔಷಧ ಕುಡದ, ಒಂದು ರೊಟ್ಟಿ ತಿಂದ, ಹೊಟ್ಟಿ ತುಂಬಿತು ಅಂದ, ಮಲಗಿದ.

ಅಲ್ಲಿಗರ ಮುಗೀತಾ? ಆರು ತಿಂಗಳ ಬಿಟ್ಟು ಮತ್ತೊಂದು ಡೋಸ್ ಹಾಕಬೇಕು ಅಂತ ಡಾಕ್ಟರ್ರು ತಮ್ಮ ಡೈರಿಯಾಗ ಬರಕೊಂಡ್ರು. ಆರು ತಿಂಗಳಿಗೆ ಸರಿಯಾಗಿ, ಅಗದಿ ಬ್ಯಾರೆ ಯುದ್ಧ ನಡದಾಗ, ನಾಲ್ವರೂ ರಣರಂಗ ಬಿಟ್ಟು ಔಷಧ ಕುಡಸಾಕ ಹೋದ್ರು.

ಬರ್ರಿ, ನುಂಗತೀನಿ

ಬರೇ ಕೆಟ್ಟಾಂವ ಆದ್ರ ರುಚಿ ಇರೂದಿಲ್ಲ, ಕೆಟ್ಟಾಂವಗೂ ಒಂದು ಮನಸ್ಸು ಇರಬೇಕು ಅಂತ ಹೆಡ್ ಮಾಸ್ತರ್ರು ಹೇಳಿದ್ರು. ಅದಕ್ಕ ಎರಡನೇ ಸಲ ಒಬ್ಬ ರಾಕ್ಷಸೀನ ಮಾಡಿದೆ. ಅಣ್ಣಂದಿರು ಆಕೀನ ಮೋಸದಿಂದ ಕಾಡಿಗೆ ಅಟ್ಯಾರ, ಆ ಸಿಟ್ಟಿಗೆ ಹಾದಿ ಮಂದೀನ ನುಂಗ್ತಾಳ. ಕಥಿ ಛಲೋ ಇತ್ತು. ಆದ್ರ ಆಕಿ ಬಾಯಿ ನನ್ನ ಬಾಯಿ. ನಾಲ್ವರೂ ಗುಹಿ ಮುಂದ ಬಂದು ನಿಂತಾಗ ನನ್ನ ಬಾಯಿಂದ ಬಂದದ್ದು, "ಬರ್ರಿ ಬರ್ರಿ, ನಿಮ್ಮನ್ನೆಲ್ಲಾ ಈಗ ನುಂಗತೀನ್ರಿ."

ಹದಿನೆಂಟು ವರ್ಷ ಸಾಲ್ಯಾಗ ಪಾಲಕರ ಜೋಡಿ ಮಾತಾಡಿದ ನಾಲಿಗಿ, ಏನ್ ಮಾಡೂದು? ಕಂಡಕ್ಟರ್ ಗುಹಿ ಹೊರಗ ಚಪ್ಪಲಿ ಬಿಟ್ಟ. ಇಷ್ಟು ಮರ್ಯಾದಿಲೆ ಕರದಾಕಿ ಮ್ಯಾಲ ಕತ್ತಿ ಎತ್ತಾಕ ಆಗೂದಿಲ್ಲ ಅಂತ ಅಕ್ಕ ಕೈಕಟ್ಟಿ ಕೂತ್ಲು. ಆ ರವಿವಾರ ಹಾಳಾತು.

ಆ ವಾರ ಪೂರ್ತಿ ನಾ ಮನ್ಯಾಗ ಅಭ್ಯಾಸ ಮಾಡಿದೆ. ಗುರುವಾರ ಮುಂಜಾನೆ ಅಡಗೀಮನ್ಯಾಗ ರೊಟ್ಟಿ ಬಡಕೋಂತ, ಕೊರಳ ದಪ್ಪ ಮಾಡಿ, "ಲೇ, ಇವತ್ತು ನಿನ್ನ ನುಂಗೇ ಬಿಡ್ತೀನಿ ಲೇ" ಅಂತ ಒಂದು ಐದಾರು ಸಲ ಒದರಿದೆ. ನಮ್ಮ ಮನಿಯವರು ಬಸ್ಸಿಗೆ ಹೊತ್ತಾತು ಅಂತ ಡಬ್ಬಿಗೆ ರೊಟ್ಟಿ ತುಂಬಾಕತ್ತಿದ್ರು. ಅವರಿಗೆ ಇದೆಲ್ಲಾ ರೂಢಿ ಆಗಿತ್ತು. ರೂಢಿ ಆಗದಾಕಿ ಬಾಜೂ ಮನಿ ಅಕ್ಕ. ಮಗ್ಗ ಬಿಟ್ಟು, ನೂಲು ಬಡಿಯೋ ಹಣಿಗಿ ಕೈಯಾಗ ಹಂಗ ಹಿಡಕೊಂಡು ಓಡಿ ಬಂದ್ಲು. ನನ್ನ ಕಡೆ ನೋಡಲೇ ಇಲ್ಲ. ಸೀದಾ ನಮ್ಮ ಮನಿಯವರ ಮುಂದ ನಿಂತು, ಹೆಣ್ಮಗಳು ನುಂಗತೀನಿ ಅನ್ನೂತನಾ ಬಿಟ್ಟೀರಿ ಅಂದ್ರ ತಪ್ಪು ನಿಮ್ದ ಅಂತ ಹೇಳಿದ್ಲು. ಪಾಪ, ಅವರು ಡಬ್ಬಿ ಅಲ್ಲೇ ಬಿಟ್ಟು ಬಸ್ಸಿಗೆ ಹೋದ್ರು. ನಾ ಎಲ್ಲಾ ತಿಳಿಸಿ ಹೇಳಿದೆ. ಅಕ್ಕ ಕೇಳಿದ್ಲು, ಆದ್ರ ಪೂರ್ತಿ ನಂಬಲಿಲ್ಲ. ಆಟ ಇರಬಹುದು, ಕೊರಳು ಖರೇ ಇತ್ತು ಅಂದ್ಲು.

ರವಿವಾರ ನನ್ನ ರಾಕ್ಷಸಿ ತಯಾರಾಗಿ, ರಾಣಿ ಬಿಡಾರಕ್ಕ ನುಗ್ಗಿ, ಲೇ ಅಂತ ಒದರಿದ್ಲು. ಖರೇನ ಹೆದರಿಕಿ ಬರೂವಂಗ ಇತ್ತು. ಅಕ್ಕ ಸಾವಕಾಶ ಎದ್ದು, ಸಿಟ್ಟಿನಾಗ ಬಂದ್ರೂ ಮನಿಗೆ ಬಂದ ಹೆಣ್ಮಗಳು, ಖಾಲಿ ಕಳಸೂದಿಲ್ಲ ಅಂತ ರಾಕ್ಷಸಿಗೆ ಉಡಿ ತುಂಬಿದ್ಲು. ಐದು ಬೊಗಸಿ ಅಕ್ಕಿ, ಎರಡು ಕೊಬ್ಬರಿ ಬಟ್ಟಲ, ಒಂದು ಕುಪ್ಪಸದ ಖಣ. ದಾಳ ಸೈತ ಉರುಳಸಲಿಲ್ಲ. ಉಡಿ ತುಂಬಿಸ್ಕೊಂಡ ಮ್ಯಾಲ ಯಾ ಹೆಣ್ಮಗಳು ತವರಮನಿ ಮಂದೀನ ನುಂಗ್ತಾಳ್ರಿ?

ಅರ್ಜಿ

ಮೂರನೇದಾಂವ ಸಾವಿಲ್ಲದ ವರ ಬೇಡಿ ಸಾವಿರ ವರ್ಷ ತಪಸ್ಸು ಮಾಡಿದಾಂವ. ವರ ಕೊಡೋ ದೇವರು ಅವಸರದಾಗ ಹೆಸರು ತಪ್ಪು ಹೇಳಿದ್ದಕ್ಕ ಆ ವರ ಬಾಜೂಕ ನಿಂತ ಒಂದು ಆಮಿಗೆ ಹೋತು. ಇಂವ ಸಿಟ್ಟಿಗೆದ್ದು ಮೂರು ಲೋಕ ಸುಡಾಕ ಹೊಂಟ.

ಹೆಡ್ ಮಾಸ್ತರ್ರ ಕಣ್ಣು ಹೊಳದ್ವು. ಇದು ಯುದ್ಧದ ವಿಷಯ ಅಲ್ಲ, ಹೆಸರು ತಿದ್ದುಪಡಿ ವಿಷಯ, ಮ್ಯಾಲಿನವರಿಗೆ ಒಂದು ಅರ್ಜಿ ಹಾಕೂಣು ಅಂದ್ರು. ಎರಡು ರವಿವಾರ ಅರ್ಜಿ ಬರಿಯೂದರಾಗ ಹೋತು. 'ಮಾನ್ಯರೇ' ಅನ್ನಬೇಕೋ 'ಪೂಜ್ಯರೇ' ಅನ್ನಬೇಕೋ ಅಂತ ಒಂದು ತಾಸು ವಾದ ಆತು. ಆಮಿಗೆ ಹೋದ ವರ ವಾಪಸ್ ತಗೊಳ್ಳೂದು ಬ್ಯಾಡ, ಅದರ ತಪ್ಪಿಲ್ಲ ಅಂತ ಡಾಕ್ಟರ್ರು ಒಂದು ಸಾಲು ಸೇರಿಸಿದ್ರು. ಕನ್ನಡ ಟೀಚರ್ ಅಂತ ಹೇಳಿ ಒತ್ತಕ್ಷರ ನೋಡಾಕ ನನ್ನ ಕೈಯಾಗ ಕೊಟ್ರು. ನನ್ನ ರಾಕ್ಷಸನ ಅರ್ಜಿ ನಾನ ತಿದ್ದಿದೆ, ಹೇಳಾಕ ನಾಚಿಕಿ ಬರ್ತೈತಿ.

ಆತಲ್ಲಾ, ಈಗರ ಯುದ್ಧಕ್ಕ ಬರ್ರಿ ಅಂದೆ. ಅದೆಂಗ ಬರ್ತೈತಿ, ಅರ್ಜಿ ವಿಚಾರಣೆಯಾಗ ಐತಿ, ಈಗ ಹೊಡದಾಡಿದ್ರ ಅರ್ಜಿದಾರನ ಬಲಾ ಹೋಗ್ತೈತಿ ಅಂತ ಹೆಡ್ ಮಾಸ್ತರ್ರು ರಾಕ್ಷಸಗ ತಿಳಿಸಿ ಹೇಳಿದ್ರು. ದಾಳ ಒಗದ್ರು, ಹತ್ತೊಂಬತ್ತು. ರಾಕ್ಷಸ ಹೌದ್ರಿ ಅಂದು ಮನಿಗೆ ಹೋದ.

ದೇವಲೋಕದಿಂದ ಇನ್ನೂತನಾ ಉತ್ತರ ಬಂದಿಲ್ಲ. ಅಷ್ಟರಾಗ ನನ್ನ ಅರ್ಜಿಗೆ ಉತ್ತರ ಬಂತು. ಕಲಘಟಗಿ ಕಡೆ ದೇವಿಕೊಪ್ಪದ ಸಾಲಿಗೆ ವರ್ಗಾ, ಹದಿನೈದು ದಿನದಾಗ ಹಾಜರಾಗಬೇಕು.

ಬಾಗಿಲಾ ಕಾಯಾಂವ

ಎರಡ ರವಿವಾರ ಉಳದಿದ್ವು. ನಾಲ್ವರಿಗೂ ಸುದ್ದಿ ಹೇಳಿದೆ. ಎಲ್ಲಾರ ಚಹಾನೂ ಆರಿಹೋತು. ಕಥಿ ಮಾತ್ರ ಮುಗಿಸೇ ಹೋಗ್ತೀನಿ, ಇದೊಂದು ರಾಕ್ಷಸ ಸಾಯಬೇಕು, ನನಗ ಸಾಕಾಗೇತಿ ಅಂದೆ.

ಈ ಸಲ ಜಂತು ಇಲ್ಲದಾಂವ, ಉಡಿ ತುಂಬಾಕ ಬರದಾಂವ, ಅರ್ಜಿ ಬರಿಯಾಕ ಒಪ್ಪದಾಂವ ಬೇಕಾಗಿತ್ತು. ಅವನ ದುಃಖ ಖರೇ ಇರಬೇಕು, ತಪ್ಪೂ ಖರೇ ಇರಬೇಕು. ದೇವಲೋಕದ ಬಾಗಿಲಾ ಕಾಯೋ ಆಳನ್ನ ತಗೊಂಡೆ. ಸಾವಿರ ವರ್ಷ ನಿಂತಾನ. ಒಳಗ ಅಮೃತ ಹಂಚೋ ದಿನ ಎಲ್ಲಾರೂ ಬಂದು, ಚಪ್ಪಲಿ ನೋಡ್ಕೋ ಅಂತ ಹೇಳಿ ಒಳಗ ಹೋದ್ರು. ಹೊರಗ ಬರೋ ಮುಂದ ನಿಂದು ಊಟಾ ಆತೇನು ಅಂತ ಒಬ್ಬರೂ ಕೇಳಲಿಲ್ಲ. ಅಂವ ಒಂದು ದಿನ ಏಳೂ ನದಿ ನೀರು ಒಳಗ ಹಾಕಿ, ಬಾಗಿಲಾ ಮುಚ್ಚಿ, ಕೀಲಿ ನುಂಗಿಬಿಟ್ಟ. ಕೆಳಗ ಭೂಮಿ ಒಣಗಾಕತ್ತೈತಿ. ಅಂವ ಸತ್ರ ಮಾತ್ರ ಬಾಗಿಲಾ ತಗೀತೈತಿ.

ಕಥಿ ಕೇಳಿ ನಾಲ್ವರೂ ದಾಳ ಮುಟ್ಟದ ಎದ್ದು ಹೋದ್ರು. ಮುಂದಿನ ವಾರ ಬರ್ತೀವಿ ಅಂದ್ರು.

ಸೋಮವಾರ ವರ್ಗಾದ ಕೆಲಸಕ್ಕ ಹುಬ್ಬಳ್ಳಿಗೆ ಹೊಂಟಿದ್ದೆ, ಬಸ್ಸಿನಾಗ ಕಂಡಕ್ಟರ್ ನನ್ನ ಕಡೆ ಬಗ್ಗಿ, ಟೀಚರ್, ಅಂವ ನಾನ ಏನ್ರಿ ಅಂತ ಕೇಳಿದ. ಇಪ್ಪತ್ತು ವರ್ಷ ನಿಂತಾನಂತ, ಎಲ್ಲಾರಿಗೂ ಸೀಟ್ ಕೊಟ್ಟಾನಂತ. ಮಂಗಳವಾರ ಹೆಡ್ ಮಾಸ್ತರ್ರು ಸಂತ್ಯಾಗ ಸಿಕ್ಕು, ತಮ್ಮ ಬೀಳ್ಕೊಡುಗಿ ದಿನ ಬಾಗಿಲದಾಗ ನಿಂತು ಎಲ್ಲಾರನ್ನೂ ಊಟಕ್ಕ ಒಳಗ ಕಳಿಸಿದ್ದು ತಾವ, ಆಮ್ಯಾಲ ಒಳಗ ಹೋದ್ರ ಅನ್ನ ತೀರಿತ್ತು, ಅದು ನಿಮಗ ಯಾರು ಹೇಳಿದ್ರು ಅಂದ್ರು. ಅಕ್ಕ ಗ್ವಾಡಿ ಮ್ಯಾಲಿಂದ ಮಾತಾಡಿದ್ಲು. ಆಕಿ ನೇಯ್ದ ಜಮಖಾನಿ ಮ್ಯಾಲ ಊರಿನ ಲಗ್ನ ಎಲ್ಲಾ ಆಗ್ತಾವ, ಕರಿಯೂದು ಮಾತ್ರ ಯಾರೂ ಇಲ್ಲ. ಡಾಕ್ಟರ್ರು ಫೋನ್ ಮಾಡಿದ್ರು. ಇಪ್ಪತ್ತೈದು ವರ್ಷದಾಗ ತಮ್ಮನ್ನ ಯಾರೂ ಪಡಸಾಲಿಗೆ ಕರದಿಲ್ಲ, ಸೀದಾ ಕೊಟ್ಟಿಗಿಗೆ ಕರಕೊಂಡು ಹೋಗ್ತಾರ, ಚಹಾನೂ ಅಲ್ಲೇ ಎಮ್ಮಿ ಬಾಜೂಕ ಕೊಡ್ತಾರ ಅಂತ ಭಾಳ ಹೊತ್ತು ಮಾತಾಡಿದ್ರು.

ಸಂಜೀಕೆ ಇದನ್ನೆಲ್ಲಾ ನಮ್ಮ ಮನಿಯವರ ಮುಂದ ಹೇಳ್ಕೊಂಡು, ನೋಡ್ರಿ, ಎಲ್ಲಾರೂ ಅಂವ ತಾವ ಅಂತಾರ, ಇನ್ನ ಅವನ್ನ ಯಾರು ಕೊಲ್ತಾರ ಅಂತ ತಲಿ ಹಿಡಕೊಂಡು ಕೂತೆ. ಅವರು ಬ್ಯಾಗ್ ಇಳಿಸಿ, ಭಾಳ ಸಾವಕಾಶ ನನ್ನ ಕಡೆ ನೋಡಿದ್ರು.

"ಅಂವ ನಾನಲ್ಲಾ? ಮೂರು ವರ್ಷದಿಂದ ಆ ಬಾಗಿಲದಾಗ ಚಹಾ ಹಿಡಕೊಂಡು ನಿಂತಾಂವ ನಾನು."

ಕಡೀ ರವಿವಾರ

ಮರುದಿನ ಸಾಮಾನಿನ ಗಾಡಿ ಬರೂದಿತ್ತು. ಪಡಸಾಲಿ ತುಂಬ ಡಬ್ಬಿ, ಹಗ್ಗ, ಸುತ್ತಿದ ಹಾಸಿಗಿ. ಟೇಬಲ್ಲೂ ಕಟ್ಟಿ ಇಟ್ಟಿದ್ವಿ. ನೆಲದ ಮ್ಯಾಲ ಒಂದು ಜಮಖಾನಿ ಹಾಸಿ ಕೂತ್ವಿ. ಕೂತ ಕೂಡ್ಲೇ ಹೇಳಿಬಿಟ್ಟೆ. ಇವತ್ತು ಔಷಧ ಇಲ್ಲ, ಉಡಿ ಇಲ್ಲ, ಅರ್ಜಿ ಇಲ್ಲ. ಬರೇ ಯುದ್ಧ. ಇನ್ನೊಂದು, ಇವತ್ತು ಯಾರ ಬಾಯಿಂದ ಏನ ಮಾತು ಬಂತೋ ಅದು ಬಂದಂಗ, ತಿರುಗಿ ತಗೊಳ್ಳೂವಂಗಿಲ್ಲ. ಇದನ್ನ ನಾ ಹೆಡ್ ಮಾಸ್ತರ್ರು ವಾದಾ ಮಾಡಬಾರದು ಅಂತ ಹಾಕಿದ ಕರಾರು. ಅವರು ಅದನ್ನ ತಮ್ಮ ನೋಟಬುಕ್ಕಿನಾಗ ಬರಕೊಂಡ್ರು.

ಯುದ್ಧ ಶುರು ಆತು. ಹಿಂಥಾ ಯುದ್ಧ ನಾ ಎಲ್ಲೂ ನೋಡಿಲ್ಲ. ಅಕ್ಕಗ ಮೂರು ಬಿತ್ತು, ಖುಷಿಪಟ್ಲು. ಕಂಡಕ್ಟರ್‌ಗ ಒಂದು ಬಿತ್ತು, ಅವನ ಬೆನ್ನು ಚಪ್ಪರಿಸಿದ್ರು. ಹೆಡ್ ಮಾಸ್ತರ್ರಿಗೆ ಹದಿನೇಳು ಬಿದ್ದದ್ದು ನಾ ಕಣ್ಣಾರೆ ನೋಡಿದೆ. ಚಷ್ಮಾ ತಗದು ಕಿಸೇದಾಗ ಇಟ್ಕೊಂಡು, ನನಗ ಏಳು ಕಾಣಸ್ತೈತಿ ಅಂದ್ರು. ಎರಡು ತಾಸು ಹಿಂಗ ನಡೀತು. ನಾಕು ಮಂದಿ ಸೇರಿ ಒಬ್ಬ ಬಾಗಿಲಾ ಕಾಯಾಂವಗ ಒಂದು ಗೀರು ಗಾಯಾ ಮಾಡಲಿಲ್ಲ. ನನಗ ಅಳು ಬರೂವಷ್ಟು ಬ್ಯಾಸರಾತು.

ಆಗ ಡಾಕ್ಟರ್ರ ಕೈಯಿಂದ ದಾಳ ಜಾರಿ ಉರುಳಿ ಹೋಗಿ, ಹಾಸಿಗಿ ಸುರುಳಿಗೆ ಬಡದು ನಿಂತಿತು. ಇಪ್ಪತ್ತು. ಎಲ್ಲಾರೂ ನೋಡಿದ್ವಿ. ಇಪ್ಪತ್ತು ಅಂದ್ರ ತಪ್ಪಸಾಕ ಬರೂದಿಲ್ಲ, ಬಾಣ ಸೀದಾ ಎದಿಗೆ. ಕೈ ಜಾರ್ತು, ನಾ ಒಗದಿಲ್ಲ ಅಂತ ಡಾಕ್ಟರ್ರು ಅಂದ್ರು.

ನನಗ ಹಗರ ಆಗಬೇಕಾಗಿತ್ತು. ಆಗಲಿಲ್ಲ. ಖರೇ ಹೇಳ್ತೀನಿ, ಆ ಬಾಗಿಲಾ ಕಾಯಾಂವ ಅವರ್ಯಾರೂ ಅಲ್ಲ, ನಾನು. ಮೂರು ವರ್ಷ ಎಲ್ಲಾರನ್ನೂ ಕಥಿ ಒಳಗ ಕಳಿಸಿ ಹೊರಗ ಕೂತಾಕಿ ನಾನು. ಹೋಗೂದು ನನಗ ಬ್ಯಾಡಾಗಿತ್ತು, ಅದು ಆ ಇಪ್ಪತ್ತು ನೋಡಿದಾಗ ಗೊತ್ತಾತು.

ಸಾಯೋ ರಾಕ್ಷಸಗ ಅಂತ ಹಳೀ ಕಾವ್ಯದ ಧಾಟಿಯಾಗ ಎರಡು ಪುಟ ಮಾತು ಬರದು ಇಟ್ಟಿದ್ದೆ. ಹಾಳಿ ಕೈಯಾಗ ಹಿಡದೆ, ಓದಾಕ ಆಗಲಿಲ್ಲ. ರಾಕ್ಷಸ ಬಾಗಿಲಿಗೆ ಒರಗಿದ ಅಂದೆ. ನಾಲ್ವರ ಮಾರಿ ನೋಡಿದ ಅಂದೆ. ಆಮ್ಯಾಲ ಅವನ ಬಾಯಿಂದ ಒಂದ ಮಾತು ಬಂತು.

"ಬರ್ತೀನಿ."

ಹೆಡ್ ಮಾಸ್ತರ್ರು ಚಷ್ಮಾ ಮತ್ತ ಹಾಕ್ಕೊಂಡ್ರು. ಏನಂದ ಅಂತ ಕೇಳಿದ್ರು. ಬರ್ತೀನಿ ಅಂದ್ನಲ್ರಿ ಅಂತ ಕಂಡಕ್ಟರ್ ಹೇಳಿದ. ಹಂಗಾರ ಬರಬೇಕಲ್ಲಾ ಅಂತ ಹೆಡ್ ಮಾಸ್ತರ್ರು ನೋಟಬುಕ್ ತಗದ್ರು. ನಾ ಗಾಬರಿಯಾಗಿ, ಅದು ರೂಢಿ ಮಾತು ರೀ, ಒಬ್ಬರ ಮನಿಯಿಂದ ಏಳೋ ಮುಂದ ಎಲ್ಲಾರೂ ಬರ್ತೀನಿ ಅಂತಾರ, ಸಾಯೋ ಮುಂದ ಹೇಳಿದ್ರ ಅದಕ್ಕ ಅರ್ಥ ಇಲ್ಲ ಅಂದೆ. ಅವರು ನನ್ನ ಕರಾರಿನ ಸಾಲಿಗೆ ಬೆರಳಿಟ್ಟು ತೋರಿಸಿದ್ರು. ಬಾಯಿಂದ ಬಂದದ್ದು ಬಂದಂಗ.

ಸಿಟ್ಟು ಬಂತು. ಅದು ಇರಲಿ, ಅದರ ಮ್ಯಾಲ ಇನ್ನೊಂದು ಮಾತು ಆಡ್ತಾನ, ಅದನ್ನೂ ಬರಕೋರ್ರಿ ಅಂದೆ. ಕೊರಳ ಗಟ್ಟಿ ಮಾಡಿ, ರಾಕ್ಷಸನ ದನಿಯಾಗ, "ನಾ ಹೋಗ್ತೀನಿ" ಅಂದೆ.

ಅಕ್ಕ ಜಿಗದು ನನ್ನ ಬಾಯಿ ಮ್ಯಾಲ ಕೈ ಇಟ್ಲು.

"ಬಿಡ್ತು ಅನ್ ಬೇ. ತುಂಬಿದ ಮನ್ಯಾಗ ಕೂತು ಹೋಗ್ತೀನಿ ಅಂತಾರೇನು?"

ಮನಿ ತುಂಬ ಬರೇ ಕಟ್ಟಿದ ಡಬ್ಬಿ ಇದ್ವು. ನಾ ಆಕಿ ಕೈ ತಗದು, ನಾ ಅಂದಿಲ್ಲ ಅಕ್ಕಾ, ರಾಕ್ಷಸ ಅಂದ ಅಂತ ಹೇಳಿದೆ.

"ಯಾರರ ಅನ್ಲಿ, ಬಾಯಿ ನಿಂದೈತಿ. ಬಿಡ್ತು ಅನ್."

ಆಕಿ ಕಣ್ಣಾಗ ನೀರು ಇತ್ತು, ಬಿಡೋ ಲಕ್ಷಣ ಇರಲಿಲ್ಲ. ಆತು ಮಾರಾಯ್ತಿ ಅಂತ, ಎದಿಯಾಗ ಬಾಣ ಇಟ್ಕೊಂಡ ನನ್ನ ರಾಕ್ಷಸ ಮೆಲ್ಲಕ "ಬಿಡ್ತು" ಅಂದ.

"ಏನು ಬಿಡ್ತು?" ಅಂತ ಡಾಕ್ಟರ್ರು ಕೇಳಿದ್ರು. ಅವರ ಮಾರಿ ನಿಧಾನಕ್ಕ ಅರಳಿತು. "ಬಾಣ. ಬಾಣ ಬಿಡ್ತು. ಎದಿಯಿಂದ ಬಾಣ ಬಿಟ್ಟು ಕೆಳಗ ಬಿತ್ರಿ."

ಹೆಡ್ ಮಾಸ್ತರ್ರು ಬರದ್ರು, ದೊಡ್ಡ ದನಿಯಾಗ ಓದಿ ಹೇಳಿದ್ರು: ರಾಕ್ಷಸನು ಬರ್ತೀನಿ ಎಂದನು, ಬಾಣವು ಬಿಟ್ಟಿತು. ಜೀಂವಕ್ಕ ಅಪಾಯ ಇಲ್ಲ, ಹದಿನೈದು ದಿನ ಬಿಟ್ಟು ಗಾಯಾ ನೋಡ್ತೀನಿ ಅಂತ ಡಾಕ್ಟರ್ರು ಡೈರಿ ತಗದ್ರು. ನಾ ತಕರಾರು ಮಾಡಾಕ ಬಾಯಿ ತಗದೆ. ಇಷ್ಟು ವರ್ಷ ವ್ಯಾಕರಣ ಕಲಿಸೇನಿ, ಅದರಾಗ ಒಂದು ತಪ್ಪು ಸಿಗಲಿಲ್ಲ. ನಗು ಬಂತು, ಅದರ ಬೆನ್ನಿಗೆ ಅಳೂ ಬಂತು, ಸೆರಗಿನಿಂದ ಎರಡೂ ಒರಸ್ಕೊಂಡೆ.

ನಮ್ಮ ಮನಿಯವರು ಹಗ್ಗ ಹುಡುಕೋಂತ ಪಡಸಾಲಿಗೆ ಬಂದು, ಸತ್ತನೇನು ಅಂತ ಕೇಳಿದ್ರು.

"ಇಲ್ರಿ," ಅಂದ ಕಂಡಕ್ಟರ್. "ಎರಡು ವಾರ ಬಿಟ್ಟು ರವಿವಾರ ಟೀಚರ್ ನನ್ನ ಗಾಡಿಗೆ ಇಲ್ಲಿಗೆ ಬರ್ತಾರ. ಒಂಬತ್ತೂವರಿಗೆ ಹುಬ್ಬಳ್ಳಿ ಬಿಡ್ತೈತಿ, ಮುಂದಿನ ಸೀಟ್ ಹಿಡದಿರ್ತೀನಿ."